ವಾಸವೋ ವ್ಯಾಸಂಗವೋ: ಅಮೆರಿಕದ ದಾಖಲೆರಹಿತ ವಿದ್ಯಾರ್ಥಿಗಳ ಧನಸಹಾಯ ವಿಚಾರ

‘ದಾಖಲೆ’, ‘ದಾಖಲಾತಿ’ ಎಂಬ ಎರಡು ಮಾತುಗಳು ಕನ್ನಡದಲ್ಲಿ ನಿತ್ಯವೂ ಬಳಕೆಯಾಗುತ್ತವೆ. ಎರಡಕ್ಕೂ ಮೂಲ ಅರಬ್ಬಿಯ ‘ದಾಖಿಲ್’ ಎಂಬ ಶಬ್ದ. ಪಾರಸಿ, ಉರ್ದುಗಳ ಮಾರ್ಗವಾಗಿ ಕಚೇರಿಯ ಭಾಷೆಯನ್ನು ಸೇರಿ, ಅಲ್ಲಿಂದ ಜನರ ನಾಲಿಗೆಗೆ ಬಂದಿತು. ಒಳಹೊಗುವುದು ಎಂಬುದೇ ಅದರ ಮೂಲಾರ್ಥ. ಮಗು ಶಾಲೆಯನ್ನು ಹೊಕ್ಕರೆ ದಾಖಲಾತಿ. ಹೊಕ್ಕುದಕ್ಕೆ ಸಾಕ್ಷಿಯಾಗಿ ನಿಲ್ಲುವ ಕಾಗದ ದಾಖಲೆ. ಒಡಹುಟ್ಟಿದ ಈ ಎರಡು ಮಾತುಗಳು ಪರಸ್ಪರ ವಿರೋಧವಾಗಿ ನಿಂತರೆ ಏನಾದೀತೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೋಡಬಹುದು. ಅಲ್ಲಿ ದಾಖಲಾತಿಯಿದ್ದೂ ದಾಖಲೆಯಿಲ್ಲದ ಮಕ್ಕಳು ಲಕ್ಷಾಂತರ ಸಂಖ್ಯೆಯಲ್ಲಿ ಓದುತ್ತಿದ್ದಾರೆ. ತಂದೆತಾಯಿಗಳ ಕೈಹಿಡಿದು ಗಡಿ ದಾಟಿ ಬಂದವರು ಕೆಲವರು. ವೀಸಾ ಪಡೆದು ಬಂದು, ಅದರ ಅವಧಿ ತೀರಿದ ಮೇಲೂ ಉಳಿದ ಕುಟುಂಬಗಳ ಮಕ್ಕಳು ಕೆಲವರು. ಇವರಲ್ಲಿ ಹಲವರಿಗೆ ತಮ್ಮಲ್ಲಿ ದಾಖಲೆಯಿಲ್ಲವೆಂಬ ಸಂಗತಿಯೇ ಹದಿನೈದು ಹದಿನಾರರ ವಯಸ್ಸಿನವರೆಗೆ ತಿಳಿದಿರುವುದಿಲ್ಲ.

ಶಾಲೆಯ ಮಟ್ಟಿಗೆ ಈ ಮಕ್ಕಳಿಗೆ ರಕ್ಷಣೆಯುಂಟು. ಟೆಕ್ಸಾಸ್ ರಾಜ್ಯವು ೧೯೭೫ರಲ್ಲಿ ಒಂದು ಕಾನೂನನ್ನು ಮಾಡಿ, ದಾಖಲೆಯಿಲ್ಲದ ಮಕ್ಕಳ ಶಿಕ್ಷಣಕ್ಕೆ ರಾಜ್ಯದ ಹಣವನ್ನು ನಿಲ್ಲಿಸಿತು. ಅದನ್ನನುಸರಿಸಿ ಟೈಲರ್ ಪಟ್ಟಣದ ಶಾಲಾಡಳಿತವು ಅಂತಹ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ೧,೦೦೦ ಡಾಲರು ಶುಲ್ಕವನ್ನು ವಿಧಿಸಿತು. ಕೂಲಿಯಿಂದ ಜೀವಿಸುವವರಿಗೆ ಇದು ಶಾಲೆಯ ಬಾಗಿಲನ್ನು ಮುಚ್ಚಿದುದಕ್ಕೆ ಸಮ. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೨ನೆಯ ಇಸವಿ ಜೂನ್ ೧೫ರಂದು ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು ‘ಪ್ಲೈಲರ್ ವಿರುದ್ಧ ಡೋ’ ಎಂಬ ಪ್ರಸಿದ್ಧ ತೀರ್ಪು ಹೊರಬಿದ್ದಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್. ಹಿರಿಯರ ನಡತೆಗಾಗಿ, ಅದರಲ್ಲಿ ಯಾವ ಪಾತ್ರವೂ ಇಲ್ಲದ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲವೆಂಬುದು ಅದರ ತಾತ್ಪರ್ಯ. ಆದರೆ ಆ ರಕ್ಷಣೆಯು ಹನ್ನೆರಡನೆಯ ತರಗತಿಗೆ ನಿಂತುಬಿಡುತ್ತದೆ.

ಅದರಿಂದ ಮುಂದೆ ಕಾಲೇಜು. ಕಾಲೇಜಿಗೆ ಸೇರುವುದನ್ನು ಕೇಂದ್ರದ ಯಾವ ಕಾನೂನೂ ತಡೆಯುವುದಿಲ್ಲ. ದಕ್ಷಿಣ ಕ್ಯಾರೊಲೈನ ೨೦೦೮ರಲ್ಲಿ, ಅಲಬಾಮ ೨೦೧೧ರಲ್ಲಿ ತಮ್ಮ ಸರಕಾರಿ ಕಾಲೇಜುಗಳಲ್ಲಿ ಪ್ರವೇಶವನ್ನೇ ನಿಷೇಧಿಸಿದುದುಂಟು. ಜಾರ್ಜಿಯವೂ ೨೦೧೦ರಲ್ಲಿ ಬಹು ಸ್ಪರ್ಧೆಯಿರುವ ವಿಶ್ವವಿದ್ಯಾನಿಲಯಗಳ ಮಟ್ಟಿಗೆ ಅದೇ ಹಾದಿ ಹಿಡಿಯಿತು. ಉಳಿದ ಬಹುತೇಕ ರಾಜ್ಯಗಳಲ್ಲಿ ಬಾಗಿಲು ತೆರೆದೇ ಇದೆ. ಮೆಟ್ಟಿಲು ಮಾತ್ರ ಇಲ್ಲ. ೧೯೬೫ರ ಉನ್ನತ ಶಿಕ್ಷಣ ಕಾಯಿದೆಯ ನಾಲ್ಕನೆಯ ಅಧ್ಯಾಯದಂತೆ ಕೇಂದ್ರ ಸರಕಾರವು ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಅನುದಾನ, ಸುಲಭ ಬಡ್ಡಿಯ ಸಾಲ, ಓದುತ್ತ ದುಡಿಯುವ ಕೆಲಸ, ಇವು ಯಾವುವೂ ದಾಖಲೆಯಿಲ್ಲದವರಿಗೆ ಸಲ್ಲುವುದಿಲ್ಲ. ಪೆಲ್ ಅನುದಾನವೊಂದೇ ೨೦೨೪-೨೫ರಲ್ಲಿ ಗರಿಷ್ಠ ೭,೩೯೫ ಡಾಲರು ಇದ್ದಿತು. ಖಾಸಗಿ ಬ್ಯಾಂಕಿನ ಸಾಲಕ್ಕೆ ಹೋದರೆ ಪ್ರಜೆಯೊಬ್ಬನ ಜಾಮೀನು ಬೇಕೆನ್ನುತ್ತಾರೆ. ಇಲ್ಲಿ ವರಮಾನದ ಪ್ರಮಾಣಪತ್ರಕ್ಕಾಗಿ ತಾಲ್ಲೂಕು ಕಚೇರಿಯ ಮುಂದೆ ಕಾದು ನಿಂತವರಿಗೆ ಕಾಗದದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಕಾಗದ ತಡವಾಗಿಯಾದರೂ ಕೈಸೇರುತ್ತದೆ. ಅಮೆರಿಕದ ಈ ಮಕ್ಕಳಿಗೆ ಯಾವ ಕಚೇರಿಯಲ್ಲಿ ಎಷ್ಟು ದಿನ ನಿಂತರೂ ಅದು ಹುಟ್ಟುವುದಿಲ್ಲ.

ಇದಕ್ಕಿಂತಲೂ ತೊಡಕಿನದು ಶುಲ್ಕದ ವಿಚಾರ. ಅಲ್ಲಿಯ ಸರಕಾರಿ ವಿಶ್ವವಿದ್ಯಾನಿಲಯಗಳು ಎರಡು ಬಗೆಯ ಶುಲ್ಕವನ್ನು ವಿಧಿಸುತ್ತವೆ: ರಾಜ್ಯದವರಿಗೆ ಕಡಿಮೆ, ಹೊರಗಿನವರಿಗೆ ಹೆಚ್ಚು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಹೊರಗಿನವರು ಕೊಡಬೇಕಾದ ಅಧಿಕ ಶುಲ್ಕವೇ ವರ್ಷಕ್ಕೆ ೩೦,೦೦೦ ಡಾಲರನ್ನು ಮೀರುತ್ತದೆ. ಹತ್ತು ವರ್ಷ ಅದೇ ಊರಿನಲ್ಲಿ ಬೆಳೆದ ಹುಡುಗಿಯನ್ನು ಹೊರಗಿನವಳೆಂದು ಎಣಿಸಬೇಕೆ? ೧೯೯೬ರಲ್ಲಿ ಕೇಂದ್ರ ಶಾಸನಸಭೆಯು ವಲಸೆಯ ಬಗೆಗೆ ಮಾಡಿದ ಕಾಯಿದೆಯ ೫೦೫ನೆಯ ಪ್ರಕರಣವು ಇದಕ್ಕೆ ಒಂದು ವಿಧಿಯನ್ನು ಇಟ್ಟಿತು. ರಾಜ್ಯದಲ್ಲಿ ವಾಸವಾಗಿದ್ದಾರೆಂಬ ಕಾರಣದಿಂದ ದಾಖಲೆರಹಿತರಿಗೆ ಉನ್ನತ ಶಿಕ್ಷಣದ ಸೌಲಭ್ಯವನ್ನು ಕೊಡಕೂಡದು. ಕೊಡುವುದಾದರೆ ರಾಷ್ಟ್ರದ ಯಾವ ಮೂಲೆಯ ಪ್ರಜೆಗಾದರೂ, ಅವನ ವಾಸವನ್ನು ನೋಡದೆ, ಅದೇ ಸೌಲಭ್ಯವನ್ನು ಕೊಡಬೇಕು. ಶಾಸನದ ಭಾರವೆಲ್ಲ ‘ವಾಸ’ ಎಂಬ ಒಂದು ಪದದ ಮೇಲೆ ನಿಂತಿರುವುದನ್ನು ವಾಚಕರು ಗಮನಿಸಬೇಕು.

ಐದು ವರ್ಷಗಳ ತರುವಾಯ ಎರಡು ದೊಡ್ಡ ರಾಜ್ಯಗಳು ಈ ಪದವನ್ನು ಎರಡು ಬಗೆಯಾಗಿ ಎದುರಿಸಿದವು. ೨೦೦೧ರಲ್ಲಿ ಟೆಕ್ಸಾಸ್ ಮೊದಲನೆಯದಾಗಿ ಮುಂದೆ ಬಂದಿತು. ಹಿಂದೆ ಮಕ್ಕಳನ್ನು ಶಾಲೆಯಿಂದ ದೂರವಿಟ್ಟ ರಾಜ್ಯವೇ ಅದು! ಅಲ್ಲಿಯ ಪ್ರೌಢಶಾಲೆಯಲ್ಲಿ ತೇರ್ಗಡೆಯಾಗಿ ಮೂರು ವರ್ಷ ರಾಜ್ಯದಲ್ಲಿದ್ದವರು, ಅವಕಾಶ ದೊರೆತೊಡನೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕುವೆವೆಂದು ಪ್ರಮಾಣಪತ್ರ ಬರೆದುಕೊಟ್ಟರೆ, ಅವರನ್ನು ರಾಜ್ಯದ ನಿವಾಸಿಗಳೆಂದೇ ಎಣಿಸುವುದೆಂದು ಅದು ವಿಧಿಸಿತು. ರಾಜ್ಯದ ಅನುದಾನವೂ ಅವರಿಗೆ ದೊರೆಯಿತು. ಅದಕ್ಕೆ ಸಹಿ ಹಾಕಿದ ರಾಜ್ಯಪಾಲ ರಿಕ್ ಪೆರ್ರಿ ರಿಪಬ್ಲಿಕನ್ ಪಕ್ಷದವರು. ಕ್ಯಾಲಿಫೋರ್ನಿಯವು ಅದೇ ವರ್ಷದ ಅಕ್ಟೋಬರಿನಲ್ಲಿ ‘ಎಬಿ ೫೪೦’ ಎಂಬ ಕಾನೂನನ್ನು ಮಾಡಿ ವಾಸದ ಮಾತನ್ನೇ ಬಿಟ್ಟಿತು. ರಾಜ್ಯದ ಪ್ರೌಢಶಾಲೆಯಲ್ಲಿ ಮೂರು ವರ್ಷ ಓದಿ ತೇರ್ಗಡೆಯಾದವರು ಯಾರೇ ಆಗಲಿ, ಅವರಿಗೆ ಹೊರಗಿನವರ ಶುಲ್ಕವಿಲ್ಲ. ವಾಸದ ಎಡೆಯಲ್ಲಿ ವ್ಯಾಸಂಗ ಬಂದು ಕುಳಿತಿತು. ಅಲ್ಲಿ ಓದಿ, ಅನಂತರ ಬೇರೆ ರಾಜ್ಯಕ್ಕೆ ಹೋಗಿ ನೆಲೆಸಿದ ಅಮೆರಿಕದ ಪ್ರಜೆಗಳಿಗೂ ಇದರ ಲಾಭ ದೊರೆಯುವಂತಾಯಿತು. ೨೦೧೦ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಈ ಕಾರಣದಿಂದಲೇ ಕಾನೂನನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಶಬ್ದಾರ್ಥ ವಿವೇಚನೆಯು ಪಂಡಿತರ ವಿನೋದವೆಂದು ನಗುವವರು ಈ ತೀರ್ಪನ್ನು ಓದಬೇಕು. ಒಂದು ಪದದ ಆಯ್ಕೆಯಿಂದ ಎಷ್ಟೋ ಸಾವಿರ ಮಕ್ಕಳ ಓದು ಉಳಿಯಿತು. ಮುಂದಿನ ವರ್ಷ ಅಲ್ಲಿ ಹೊರಬಂದ ಎರಡು ಕಾನೂನುಗಳಿಂದ, ೨೦೧೨ರಲ್ಲಿ ಖಾಸಗಿ ದತ್ತಿಗಳಿಂದ ವಿಶ್ವವಿದ್ಯಾನಿಲಯಗಳು ಕೊಡುವ ವೇತನವೂ, ೨೦೧೩ರಿಂದ ರಾಜ್ಯದ ಸ್ವಂತ ಅನುದಾನವೂ ಈ ವಿದ್ಯಾರ್ಥಿಗಳಿಗೆ ತೆರೆದವು. ಕೇಂದ್ರದ ಅರ್ಜಿಯನ್ನು ತುಂಬಲಾರದವರಿಗಾಗಿ ರಾಜ್ಯವೇ ಬೇರೊಂದು ಅರ್ಜಿನಮೂನೆಯನ್ನು ಇಟ್ಟಿತು. ನ್ಯೂಯಾರ್ಕ್ ೨೦೧೯ರಲ್ಲಿ ಇಂತಹದೇ ಕಾನೂನನ್ನು ಮಾಡಿತು.

ಇದನ್ನು ವಿರೋಧಿಸುವವರ ವಾದವನ್ನೂ ಕೇಳಬೇಕು. ನೆರೆಯ ರಾಜ್ಯದ ಪ್ರಜೆ ಹೆಚ್ಚು ಶುಲ್ಕ ತೆರುವಾಗ ಕಾನೂನು ಮೀರಿ ಬಂದವರಿಗೆ ರಿಯಾಯಿತಿಯೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನಿಸ್ಸಾರವಾದುದಲ್ಲ. ಆದರೆ ಮೀರಿ ಬಂದವರು ಹಿರಿಯರು, ಶುಲ್ಕ ತೆರುವವರು ಮಕ್ಕಳು. ಕೊಂಡ ಸರಕಿನ ಮೇಲೆ ಈ ಕುಟುಂಬಗಳೂ ಎಲ್ಲರಂತೆ ತೆರಿಗೆ ಕೊಡುತ್ತವೆ. ಹನ್ನೆರಡು ವರ್ಷ ಸಾರ್ವಜನಿಕರ ಹಣದಿಂದ ಓದಿಸಿದ ಮಗುವನ್ನು ಹದಿಮೂರನೆಯ ವರ್ಷ ಕೈಬಿಟ್ಟರೆ ಆ ಹಣಕ್ಕಾದರೂ ಫಲವೇನು?

ಕಾನೂನು ಇನ್ನೂ ಬಾರದಿದ್ದ ಕಾಲದಲ್ಲಿ ಕೆಲವು ಉಪಾಧ್ಯಾಯರೂ ದಾನಿಗಳೂ ತಾವೇ ದಾರಿ ಮಾಡಿದುದುಂಟು. ಫಿಲಿಪೈನ್ಸಿನಿಂದ ೧೯೯೩ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ಪಟ್ಟಣಕ್ಕೆ ಅಜ್ಜ ಅಜ್ಜಿಯರ ಬಳಿಗೆ ಬಂದ ಹೋಸೆ ಆಂಟೋನಿಯೊ ವರ್ಗಾಸ್ ಎಂಬ ಬಾಲಕನಿಗೆ, ತನ್ನ ಕಾಗದಗಳು ಸುಳ್ಳೆಂಬುದು ಹದಿನಾರನೆಯ ವಯಸ್ಸಿನಲ್ಲಿ ವಾಹನ ಪರವಾನಗಿಗೆ ಹೋದಾಗ ತಿಳಿಯಿತು. ಶಾಲೆಯ ಗಾಯನಮೇಳವನ್ನು ಜಪಾನಿಗೆ ಕರೆದೊಯ್ಯಬೇಕೆಂದಿದ್ದ ಸಂಗೀತದ ಅಧ್ಯಾಪಿಕೆಗೆ ಅವನು ತನ್ನ ಸ್ಥಿತಿಯನ್ನು ತಿಳಿಸಿದನು. ಅವರು ಅವನನ್ನು ಬಿಟ್ಟು ಹೋಗಲಿಲ್ಲ. ಪ್ರವಾಸವನ್ನೇ ಹವಾಯಿಗೆ ಬದಲಾಯಿಸಿದರು. ಹಣವಿಲ್ಲದೆ ಕಾಲೇಜು ತಪ್ಪುವುದೆಂದಾದಾಗ ಮುಖ್ಯೋಪಾಧ್ಯಾಯಿನಿಯೂ ಶಾಲಾಡಳಿತದ ಅಧಿಕಾರಿಯೂ ಸೇರಿ, ವಲಸೆಯ ಸ್ಥಿತಿಯನ್ನು ಕೇಳದ ಒಂದು ದತ್ತಿನಿಧಿಯನ್ನು ಹುಡುಕಿಕೊಟ್ಟರು. ಅವರು ಸ್ಯಾನ್ ಫ್ರಾನ್ಸಿಸ್ಕೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಓದಿ ಪತ್ರಿಕೋದ್ಯೋಗಿಯಾಗಿ, ೨೦೦೮ರಲ್ಲಿ ಪುಲಿಟ್ಜರ್ ಪಾರಿತೋಷಕದಲ್ಲಿ ಪಾಲು ಪಡೆದರು. ೨೦೧೧ರಲ್ಲಿ ತಮ್ಮ ಸ್ಥಿತಿಯನ್ನು ತಾವೇ ಬರೆದು ಪ್ರಕಟಪಡಿಸಿದರು. ಇಂದು ಆ ಊರಿನ ಒಂದು ಪ್ರಾಥಮಿಕ ಶಾಲೆಗೆ ಅವರ ಹೆಸರಿದೆ. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಪ್ರಕಾಶಕರಾಗಿದ್ದ ಡಾನಲ್ಡ್ ಗ್ರಹಾಂ ಮೊದಲಾದವರು ಸ್ಥಾಪಿಸಿದ ‘ದಿ ಡ್ರೀಮ್ ಡಾಟ್ ಯುಎಸ್’ ಎಂಬ ನಿಧಿಯು ಇದೇ ಕಾರ್ಯವನ್ನು ರಾಷ್ಟ್ರದ ಹಲವು ಕಾಲೇಜುಗಳಿಗೆ ವಿಸ್ತರಿಸಿತು.

ಪ್ಲೈಲರ್ ತೀರ್ಪಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ, ೨೦೧೨ರ ಜೂನ್ ೧೫ರಂದು, ‘ಡಾಕಾ’ ಎಂಬ ಯೋಜನೆ ಪ್ರಕಟವಾಯಿತು. ಬಾಲ್ಯದಲ್ಲಿ ಬಂದವರಿಗೆ ಎರಡೆರಡು ವರ್ಷಗಳ ಮಟ್ಟಿಗೆ ಗಡೀಪಾರಿನಿಂದ ಬಿಡುವು, ದುಡಿಯಲು ಅನುಮತಿ. ಕೇಂದ್ರದ ವಿದ್ಯಾರ್ಥಿವೇತನ ಮಾತ್ರ ಅದರಿಂದಲೂ ಬರಲಿಲ್ಲ. ಇಲ್ಲಿ ಕನ್ನಡಿಗರ ಮನೆಗಳಿಗೂ ತಟ್ಟುವ ಒಂದು ವೈಚಿತ್ರ್ಯವಿದೆ. ಎಚ್-೧ಬಿ ವೀಸಾದ ಮೇಲೆ ಉದ್ಯೋಗಕ್ಕೆ ಹೋದ ತಂದೆತಾಯಿಗಳೊಡನೆ ಶಿಶುವಾಗಿ ಹೋಗಿ ಅಲ್ಲಿಯೇ ಬೆಳೆದ ಭಾರತೀಯ ಮಕ್ಕಳಿಗೂ ಕೇಂದ್ರದ ಸಹಾಯವಿಲ್ಲ. ಕಾಯಂ ವಾಸದ ಪತ್ರಗಳಲ್ಲಿ ಒಂದು ರಾಷ್ಟ್ರದವರಿಗೆ ನೂರಕ್ಕೆ ೭ ಎಂಬ ಮಿತಿಯಿರುವುದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದವಾಗಿದೆ. ೨೧ ವರ್ಷ ತುಂಬಿದೊಡನೆ ಆ ಮಕ್ಕಳು ತಂದೆತಾಯಿಗಳ ವೀಸಾದ ಆಶ್ರಯವನ್ನು ಕಳೆದುಕೊಂಡು, ತಾವು ಬೆಳೆದ ಊರಿನಲ್ಲಿಯೇ ವಿದೇಶೀ ವಿದ್ಯಾರ್ಥಿಗಳಾಗಬೇಕು, ಇಲ್ಲವೆ ಹೊರಡಬೇಕು. ೨೦೧೨ರ ಆ ದಿನ ಸಕ್ರಮವಾದ ದಾಖಲೆಯುಳ್ಳವರಿಗೆ ಡಾಕಾ ಕೂಡ ಅನ್ವಯಿಸಲಿಲ್ಲ. ದಾಖಲೆಯಿದ್ದುದೇ ಅವರಿಗೆ ಅನರ್ಹತೆಯಾಯಿತು.

೨೦೨೫ರಲ್ಲಿ ಗಾಳಿ ತಿರುಗಿತು. ಜೂನ್ ೪ರಂದು ಕೇಂದ್ರದ ನ್ಯಾಯ ಇಲಾಖೆಯು ಟೆಕ್ಸಾಸಿನ ಕಾನೂನಿನ ಮೇಲೆ ದಾವೆ ಹೂಡಿತು. ರಾಜ್ಯದ ಅಟಾರ್ನಿ ಜನರಲ್ ಪ್ರತಿವಾದ ಮಾಡದೆ ಒಪ್ಪಿದರು. ಅದೇ ದಿನ ನ್ಯಾಯಾಧೀಶರು ಒಪ್ಪಿಗೆಯ ಆಜ್ಞೆಗೆ ಸಹಿ ಹಾಕಿದರು. ಇಪ್ಪತ್ತನಾಲ್ಕು ವರ್ಷ ನಡೆದ ಕಾನೂನು ಒಂದು ಹಗಲಿನಲ್ಲಿ ಬಿದ್ದಿತು. ‘ನಿವಾಸಿ’ ಎಂಬ ಪದವನ್ನು ನೆಚ್ಚಿದುದೇ ಅದರ ದೌರ್ಬಲ್ಯವಾಗಿತ್ತು. ಫ್ಲಾರಿಡವು ತಾನು ೨೦೧೪ರಲ್ಲಿ ಕೊಟ್ಟಿದ್ದ ಶುಲ್ಕವಿನಾಯಿತಿಯನ್ನು ಜುಲೈ ೧ರಿಂದ ರದ್ದುಪಡಿಸಿತು. ಆ ಬೇಸಗೆಯಲ್ಲೇ ಕೆಂಟಕಿ, ಮಿನೆಸೋಟ, ಒಕ್ಲಹೋಮ ರಾಜ್ಯಗಳ ಮೇಲೂ ದಾವೆಗಳಾದವು. ಅರ್ಧ ಓದು ಮುಗಿಸಿದ್ದ ಟೆಕ್ಸಾಸಿನ ವಿದ್ಯಾರ್ಥಿಗಳ ಮುಂದೆ ಹೊರಗಿನವರ ಶುಲ್ಕದ ಚೀಟಿ ಬಂದು ನಿಂತಿತು. ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮೇಲೂ ದಾವೆಯಾಯಿತು. ವ್ಯಾಸಂಗವೆಂಬುದು ವಾಸಕ್ಕೇ ಇಟ್ಟ ಇನ್ನೊಂದು ಹೆಸರು ಎಂಬುದು ಅಲ್ಲಿ ಕೇಂದ್ರದವರ ವಾದದ ತಿರುಳು. ೨೦೧೦ರಲ್ಲಿ ರಾಜ್ಯದ ನ್ಯಾಯಾಲಯ ಬಿಡಿಸಿಟ್ಟಿದ್ದ ಗಂಟನ್ನು ಅದು ಕೇಂದ್ರದ ನ್ಯಾಯಾಲಯದಲ್ಲಿ ಮತ್ತೆ ಕಟ್ಟಿ ಮುಂದಿಟ್ಟಿತು.