ಮನಸ್ಸಿನ ನೋವಿಗೂ ಒಂದು ನಂಬರ್ ಇದೆ: 14416

ಬ್ಯಾಡಗಿ ಮೆಣಸು ಇಲ್ಲದೆ ನಮ್ಮ ಮನೆಗಳಲ್ಲಿ ಪದಾರ್ಥ ಆಗುವುದಿಲ್ಲ. ಆ ಮೆಣಸಿನ ಮಾರುಕಟ್ಟೆಯಲ್ಲಿ 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ಪೇಪರಿನಲ್ಲಿ ಬಂತು. ಸಿಟ್ಟು ಕಣ್ಣಿಗೆ ಕಾಣುತ್ತದೆ. ಆದರೆ ಮಾತಾಡದೆ ಮನೆಗೆ ಬಂದು, ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗುವವನ ಸಂಕಟ ಯಾರ ಕಣ್ಣಿಗೆ ಬೀಳುತ್ತದೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಬದುಕು ಮಳೆ ಮತ್ತು ಮಾರುಕಟ್ಟೆಯ ಮೇಲೆ ನಿಂತಿದೆ. ಘಟ್ಟ ಹತ್ತಿ ವ್ಯಾಪಾರಕ್ಕೆ ಹೋದ ನಮ್ಮವರಿಗೆ ಇನ್ನೊಂದು ಭಾರವೂ ಉಂಟು. ಉಮ್ಮ, ಬಾಪ, ಹೆಂಡತಿ, ಮಕ್ಕಳು ಊರಿನಲ್ಲಿ. ಅಂಗಡಿಯ ಬಾಡಿಗೆ, ಕೈಸಾಲ, ತಂಗಿಯ ಮದುವೆ ಎಲ್ಲವೂ ಒಬ್ಬನ ತಲೆಯ ಮೇಲೆ. ಫೋನಿನಲ್ಲಿ ಕೇಳಿದರೆ "ಅಲ್‌ಹಮ್ದುಲಿಲ್ಲಾಹ್, ಆರಾಮ" ಎನ್ನುತ್ತಾನೆ. ರಾತ್ರಿ ನಿದ್ದೆ ಇಲ್ಲ ಎಂದು ಹೇಳುವುದಿಲ್ಲ.

ಇಂಥವರಿಗಾಗಿಯೇ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಟೆಲಿ ಮಾನಸ್ ಎಂಬ ಸೇವೆ ಶುರು ಮಾಡಿತು. ನಂಬರ್ 14416. ದಿನದ 24 ಗಂಟೆಯೂ ಸಿಗುತ್ತದೆ, ಕರೆ ಉಚಿತ. ಇಡೀ ದೇಶದಲ್ಲಿ ಇದರ ಮೇಲುಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನದ್ದು.

ಕೆಲಸ ನಡೆಯುವುದು ಹೀಗೆ. ಕರೆ ಮಾಡಿ ಭಾಷೆ ಆರಿಸಿಕೊಳ್ಳಬೇಕು, ಕನ್ನಡವೂ ಇದೆ. ಮೊದಲು ತರಬೇತಿ ಪಡೆದ ಆಪ್ತ ಸಮಾಲೋಚಕರು ಮಾತಾಡುತ್ತಾರೆ. ನಿದ್ದೆ, ಊಟ, ಭಯ, ಬೇಸರ, ಕುಡಿತ, ಪರೀಕ್ಷೆಯ ಚಿಂತೆ, ಮನೆಯ ಜಗಳ, ಯಾವುದನ್ನೂ ಹೇಳಬಹುದು. ಕಾಯಿಲೆ ಜಾಸ್ತಿ ಇದೆ ಎಂದು ಕಂಡರೆ ಮನೋವೈದ್ಯರಿಗೆ ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಹೇಳಿದ ಮಾತು ಗುಟ್ಟಾಗಿ ಇರುತ್ತದೆ. ಸ್ಮಾರ್ಟ್ ಫೋನ್ ಇದ್ದವರಿಗೆ 2024ರ ಅಕ್ಟೋಬರ್‌ನಲ್ಲಿ ಇದರ ಆ್ಯಪ್ ಕೂಡ ಬಂದಿದೆ. ಬಟನ್ ಫೋನ್ ಇರುವ ಉಮ್ಮಂದಿರಿಗೆ ಐದು ಅಂಕೆ ಒತ್ತಿದರೆ ಸಾಕು.

ಫೋನಿನಲ್ಲಿ ಎಲ್ಲವೂ ಮುಗಿಯುವುದಿಲ್ಲ ನಿಜ. ಮಾತ್ರೆ ಬೇಕಾದವರು ವೈದ್ಯರ ಎದುರು ಕೂರಲೇಬೇಕು. ಅದಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಈ ಯೋಜನೆಯ ಬೇರು ನಮ್ಮ ರಾಜ್ಯದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ್ದನ್ನೇ 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ತಂದರು. ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮವನ್ನೂ ರಾಜ್ಯ ಸರ್ಕಾರ ಮಾಡಿದೆ. ರಾಣೆಬೆನ್ನೂರು, ಬ್ಯಾಡಗಿಯವರು ತಮ್ಮ ತಾಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯರಲ್ಲಿ, ಯಾವ ಮಂಗಳವಾರ ಎಂದು ವಿಚಾರಿಸಿಯೇ ಹೋಗಲಿ. ಇನ್ನೂ ದೊಡ್ಡ ಚಿಕಿತ್ಸೆ ಬೇಕಿದ್ದರೆ ಹುಬ್ಬಳ್ಳಿ ದಾಟಿ ಧಾರವಾಡದ ಡಿಮ್ಹಾನ್ಸ್ ಇದೆ.

ಇಷ್ಟೆಲ್ಲ ಇದ್ದೂ ನಾವು ಯಾಕೆ ಹೋಗುವುದಿಲ್ಲ? ಒಂದು, "ಜನ ಏನು ಹೇಳ್ತಾರೆ, ನಾಳೆ ಮಗಳ ಸಂಬಂಧ ಕೂಡಿ ಬರುವುದಿಲ್ಲ" ಎಂಬ ಹೆದರಿಕೆ. ಎರಡು, "ಈಮಾನ್ ಕಮ್ಮಿ ಆದವರಿಗೆ ಮಾತ್ರ ಹೀಗಾಗುತ್ತದೆ" ಎಂಬ ಮಾತು. ಮದ್ರಸದಲ್ಲಿ ಪಾಠ ಹೇಳುವವನಾಗಿ ನಾನು ಈ ಎರಡನೆಯದಕ್ಕೆ ಉತ್ತರ ಹೇಳಲೇಬೇಕು. ರೋಗಕ್ಕೆ ಮದ್ದು ಮಾಡಿರಿ ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಆ ರೋಗ ದೇಹದ್ದೋ ಮನಸ್ಸಿನದ್ದೋ ಎಂದು ಬೇರೆ ಮಾಡಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಸೇರಿಸಿ ಒಂದೇ ಗ್ರಂಥ ಬರೆದರು. ಭಯ, ದುಃಖ, ಸಿಟ್ಟು, ಬಿಡದೆ ಕಾಡುವ ಯೋಚನೆ ಇವಕ್ಕೆ ಮಾತಿನಿಂದಲೂ ಚಿಕಿತ್ಸೆ ಇದೆ ಎಂದು ತೋರಿಸಿದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನ ಈಮಾನನ್ನು ನಾವು ಅಳೆಯುತ್ತೇವೆಯೇ? ದುಆ ಮಾಡಿ, ಡಾಕ್ಟರಲ್ಲಿಗೂ ಹೋಗಿ. ಒಂದಕ್ಕೊಂದು ಅಡ್ಡಿ ಇಲ್ಲ. "ಜಿನ್ನ್ ಹಿಡಿದಿದೆ, ಮಾತ್ರೆ ಬಿಡಿಸಿ, ಇಷ್ಟು ಸಾವಿರ ಕೊಡಿ" ಎನ್ನುವವನಿಂದ ಮಾತ್ರ ದೂರ ಇರಿ.

ಹಾಗೆಯೇ ಮೊಬೈಲಿನಲ್ಲಿ ಬರುವುದೆಲ್ಲ ಸಹಾಯ ಅಲ್ಲ. ಫಾರ್ವರ್ಡ್ ಮಾಡುವ ಮೊದಲು ಮೂರು ಸಂಗತಿ ನೋಡಿ. ಅದು ಸರ್ಕಾರದ್ದೋ, ಹೆಸರಿರುವ ಆಸ್ಪತ್ರೆಯದ್ದೋ? ಮೊದಲೇ ಹಣ ಕೇಳುತ್ತದೆಯೋ? "ಏಳು ದಿನದಲ್ಲಿ ಪೂರ್ತಿ ವಾಸಿ" ಎನ್ನುತ್ತದೆಯೋ? ಹಳೆಯ ನಂಬರ್ ಆದರೆ ಒಮ್ಮೆ ಕರೆ ಮಾಡಿ ನೋಡಿಯೇ ಕಳಿಸಿ. ಕಷ್ಟದಲ್ಲಿ ಇರುವವನು ಕರೆ ಮಾಡಿ, ಆ ಕಡೆ ಯಾರೂ ಎತ್ತದಿದ್ದರೆ ಇನ್ನೊಮ್ಮೆ ಪ್ರಯತ್ನಿಸಲಿಕ್ಕಿಲ್ಲ. ಇನ್ನೊಂದು ಮಾತು: ನಂಬರನ್ನು ಗ್ರೂಪಿಗೆ ಹಾಕಿ, ಆದರೆ "ಇಂಥವರ ಮಗನಿಗೆ ಬೇಕಾಗಬಹುದು" ಎಂದು ಹೆಸರು ಹಾಕಬೇಡಿ. ಅದು ಅಮಾನತ್. ಅವನಿಗೆ ಒಬ್ಬನಿಗೇ ಕಳಿಸಿ, ಆಮೇಲೆ ಫೋನ್ ಮಾಡಿ, "ನಾನು ಪಕ್ಕದಲ್ಲಿ ಕೂರುತ್ತೇನೆ, ಒಟ್ಟಿಗೆ ಕರೆ ಮಾಡುವ" ಎನ್ನಿ.

ಯಾರಾದರೂ "ನಾನು ಇರುವುದೇ ಬೇಡ" ಎಂದರೆ ತಮಾಷೆ ಎಂದು ಬಿಡಬೇಡಿ, ಬೈಯಬೇಡಿ. ಒಬ್ಬರನ್ನೇ ಬಿಡದೆ ಜೊತೆಗಿರಿ. ಕೂಡಲೇ 14416ಕ್ಕೆ ಕರೆ ಮಾಡಿ, ಜೀವಕ್ಕೆ ಅಪಾಯ ಎನಿಸಿದರೆ 112ಕ್ಕೆ. ಪೊಲೀಸ್ ಕೇಸ್ ಆಗುತ್ತದೆ ಎಂದು ಅಡಗಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಅವರಿಗೆ ಆರೈಕೆ ಮತ್ತು ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ.

ಜಮಾಅತಿನ ಹಿರಿಯರಲ್ಲಿ ಒಂದು ಕೋರಿಕೆ. ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝಿನ ವೇಳಾಪಟ್ಟಿಯ ಕೆಳಗೆ ಒಂದು ಸಾಲಿನ ಜಾಗ ಇರುತ್ತದೆ. ಅಲ್ಲಿ ಈ ನಂಬರ್ ಬರೆಸಿ. ಮದ್ರಸದ ಮಕ್ಕಳ ಡೈರಿಯಲ್ಲೂ ಬರೆಸಿ, ಅದು ಮಕ್ಕಳ ಕೈಯಲ್ಲೇ ಮನೆಮನೆಗೆ ಹೋಗುತ್ತದೆ. ಖರ್ಚು ಒಂದು ಪೆನ್ನಿನದ್ದು ಮಾತ್ರ.