ಕರಿಜೀರಿಗೆಯ ಪೂರಕಗಳು: ಗುಣವೆಷ್ಟು, ಹೇಳಿಕೆಯೆಷ್ಟು?

ಉಪ್ಪಿನಕಾಯಿ, ನಾನ್ ಹಾಗೂ ಬಂಗಾಳಿ ಒಗ್ಗರಣೆಗಳಲ್ಲಿ ಬಳಕೆಯಾಗುವ ಕರಿಜೀರಿಗೆಯು ಮಸಾಲೆಯ ಡಬ್ಬಿಯಿಂದ ಹೊರಬಂದು, ಎಣ್ಣೆ ಹಾಗೂ ಕ್ಯಾಪ್ಸೂಲ್‌ಗಳ ರೂಪದಲ್ಲಿ ಔಷಧಿ ಅಂಗಡಿಯ ಕಪಾಟನ್ನೂ ಸೇರಿದೆ. ಹಿಂದಿಯಲ್ಲಿ ಕಲೌಂಜಿ, ಸಸ್ಯಶಾಸ್ತ್ರದಲ್ಲಿ ನೈಜೆಲ್ಲಾ ಸಟೈವಾ ಎನಿಸಿಕೊಳ್ಳುವ ಈ ಬೀಜಕ್ಕೆ ಯುನಾನಿ ಮತ್ತು ಆಯುರ್ವೇದ ಪದ್ಧತಿಗಳೆರಡರಲ್ಲೂ ಸ್ಥಾನವಿದೆ. ಹದೀಸ್‌ಗಳಲ್ಲಿ ಉಲ್ಲೇಖವಿರುವುದರಿಂದ ಮುಸ್ಲಿಂ ಬಾಂಧವರಲ್ಲಿ ಇದರ ಬಗ್ಗೆ ವಿಶೇಷ ಶ್ರದ್ಧೆಯೂ ಉಂಟು. ಶ್ರದ್ಧೆಯನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಆದರೆ ಬಾಟಲಿಯ ಮೇಲೆ ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್‌ಗಳಿಗೆ ರಾಮಬಾಣವೆಂದು ಅಚ್ಚಾದೊಡನೆ ಅದು ಮಾರುವವನ ಹೊಣೆಯ ಮತ್ತು ಕೊಳ್ಳುವವನ ಜೀವದ ಪ್ರಶ್ನೆಯಾಗುತ್ತದೆ.

ಬೀಜದಲ್ಲಿ ಸ್ಥಿರ ತೈಲವು ಸುಮಾರು ಶೇ. 30ರಿಂದ 40ರಷ್ಟಿರುತ್ತದೆ. ಗುಣಕ್ಕೆ ಮುಖ್ಯ ಕಾರಣವೆಂದು ಪರಿಗಣಿಸಲಾದ ಥೈಮೋಕ್ವಿನೋನ್ ಎಂಬ ಅಂಶವಿರುವುದು ಆವಿಯಾಗುವ ತೈಲದಲ್ಲಿ. ಆ ತೈಲವಾದರೋ ಬೀಜದ ತೂಕದಲ್ಲಿ ಶೇ. 0.4ರಿಂದ 2.5ರಷ್ಟು ಮಾತ್ರ. ತಳಿ, ನೆಲ ಹಾಗೂ ಎಣ್ಣೆ ತೆಗೆಯುವ ವಿಧಾನಕ್ಕನುಗುಣವಾಗಿ ಇದರ ಪ್ರಮಾಣ ಬದಲಾಗುತ್ತದೆ. ಬೆಳಕು ಮತ್ತು ಶಾಖಕ್ಕೆ ಇದು ಕೆಡುವಂಥದ್ದು. ಬಿಸಿಲು ಬೀಳುವ ಕಪಾಟಿನಲ್ಲಿ ಬಿಳಿ ಗಾಜಿನ ಬಾಟಲಿಯನ್ನು ತಿಂಗಳುಗಟ್ಟಲೆ ಇಟ್ಟ ವರ್ತಕನು ಹಣ ಪಡೆದು ಬರಿಯ ಎಣ್ಣೆಯನ್ನು ಕೊಟ್ಟಂತಾದೀತು.

ಇನ್ನು ಗುಣದ ವಿಚಾರ. ಸೌದಿ ಅರೇಬಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 94 ಮಂದಿ ಮಧುಮೇಹಿಗಳಿಗೆ ಮೂರು ತಿಂಗಳ ಕಾಲ ದಿನವೊಂದಕ್ಕೆ 1, 2 ಅಥವಾ 3 ಗ್ರಾಂ ಬೀಜವನ್ನು ನೀಡಲಾಯಿತು. 2 ಗ್ರಾಂ ಪಡೆದವರ ರಕ್ತದ ಸಕ್ಕರೆ ಗಣನೀಯವಾಗಿ ಇಳಿಯಿತು. 3 ಗ್ರಾಂನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅವರೆಲ್ಲರೂ ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ನಿಲ್ಲಿಸದೆ, ಅವುಗಳ ಜೊತೆಗೆ ಬೀಜವನ್ನು ಸೇವಿಸಿದ್ದರು. ಜಾಹೀರಾತುಗಳಲ್ಲಿ ಬಿಟ್ಟುಹೋಗುವುದು ಈ 'ಜೊತೆಗೆ' ಎಂಬ ಪದವೇ.

2017ರಲ್ಲಿ ಏಳು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರಿಹೊಟ್ಟೆಯ ಸಕ್ಕರೆಯಲ್ಲಿ ಕಂಡ ಸರಾಸರಿ ಇಳಿಕೆ ಸುಮಾರು 18 ಮಿಲಿಗ್ರಾಂ. ರಕ್ತದೊತ್ತಡದ ಬಗ್ಗೆ 2016ರಲ್ಲಿ ಪ್ರಕಟವಾದ, 11 ಪ್ರಯೋಗಗಳ ಹಾಗೂ 860 ಮಂದಿಯ ಸಮೀಕ್ಷೆಯಲ್ಲಿ ಮೇಲಿನ ಮತ್ತು ಕೆಳಗಿನ ಅಂಕಿಗಳೆರಡೂ ಸರಾಸರಿ 3ರಷ್ಟು ಇಳಿದವು. ಕ್ಯಾನ್ಸರ್ ವಿಷಯದ ಭರವಸೆಯು ಬಹುಮಟ್ಟಿಗೆ ಪ್ರಯೋಗಶಾಲೆಯ ಜೀವಕೋಶಗಳು ಮತ್ತು ಪ್ರಾಣಿಗಳ ಮೇಲಿನ ಪರೀಕ್ಷೆಗಳಿಂದ ಬಂದದ್ದು.

ಈ ಅಂಕಿಗಳನ್ನು ಜಮಾ-ಖರ್ಚಿನ ಪುಸ್ತಕಕ್ಕೆ ಏರಿಸಿ ನೋಡಬಹುದು. ಸಕ್ಕರೆ 180 ಇದ್ದವನಿಗೆ 162ಕ್ಕೆ, ಒತ್ತಡ 160 ಇದ್ದವನಿಗೆ 157ಕ್ಕೆ ಇಳಿದೀತು. ಲಾಭ ಹೌದು; ಸಾಲ ತೀರುವಷ್ಟು ಲಾಭವಲ್ಲ. 500 ಮಿಲಿಗ್ರಾಂ ಬೀಜದ ಪುಡಿಯ ಕ್ಯಾಪ್ಸೂಲ್ ಆದರೆ, 2 ಗ್ರಾಂಗೆ ದಿನಕ್ಕೆ ನಾಲ್ಕು ಬೇಕು. ಅರವತ್ತರ ಬಾಟಲಿ ಹದಿನೈದೇ ದಿನ. ಮೂರು ತಿಂಗಳಿಗೆ ಆರು ಬಾಟಲಿ. ದಿನಕ್ಕೊಂದು ನುಂಗಿ, ಅದನ್ನೇ ನೆಚ್ಚಿ ಮಾತ್ರೆ ಬಿಟ್ಟ ಗ್ರಾಹಕನಿಗೆ ಆಗುವ ನಷ್ಟ ಕಣ್ಣು, ಮೂತ್ರಪಿಂಡ, ಪಾದಗಳ ಮೇಲೆ ಬೀಳುತ್ತದೆ. ಮಾತ್ರೆಯ ಜೊತೆ ಹೆಚ್ಚಾಗಿ ನುಂಗಿದವನಿಗೆ ಸಕ್ಕರೆ ತೀರಾ ಕುಸಿಯುವ ಭಯವಿದೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಪೂರಕವಾಗಿ ಸೇವಿಸತಕ್ಕದ್ದಲ್ಲ. ಅಡುಗೆಯ ಚಿಟಿಕೆಗೆ ಈ ಮಾತು ಅನ್ವಯಿಸದು.

ಸರಕು ಖರೀದಿಯಲ್ಲಿ ಹೆಸರಿನ ಗೊಂದಲವೂ ಇದೆ. ಉತ್ತರದ ಮಾರುಕಟ್ಟೆಯಲ್ಲಿ 'ಕಾಲಾ ಜೀರಾ' ಎಂದರೆ ಹಿಮಾಲಯದ ಶಾಹಿ ಜೀರಿಗೆ; 'ಕಾಲಿ ಜೀರಿ' ಎಂದರೆ ಜಂತುಹುಳುವಿಗೆ ಬಳಸುವ ಕಹಿಯಾದ ಕಾಡುಜೀರಿಗೆ. ಎರಡೂ ಕರಿಜೀರಿಗೆಯಲ್ಲ. ಆದುದರಿಂದ ಆರ್ಡರ್‌ನಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನು ಬರೆಯುವುದೇ ಕ್ಷೇಮ.

ಆರೋಗ್ಯ ಪೂರಕವಾಗಿ ಮಾರಾಟವಾಗುವ ಸರಕಿನ ಲೇಬಲ್ ಮೇಲೆ ಔಷಧೀಯ ಬಳಕೆಗಲ್ಲವೆಂಬ ಸೂಚನೆ ಇರಬೇಕು. ಆ ಸೂಚನೆಯ ಪಕ್ಕದಲ್ಲೇ ರೋಗ ವಾಸಿಮಾಡುವ ಭರವಸೆಯನ್ನೂ ಅಚ್ಚುಹಾಕುವುದು ಒಂದೇ ಖಾತೆಗೆ ಎರಡು ಶಿಲ್ಕು ತೋರಿಸಿದಂತೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯ 53ನೆಯ ಕಲಮಿನಡಿ 10 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಮಾಂತ್ರಿಕ ಪರಿಹಾರಗಳ ಜಾಹೀರಾತನ್ನು ನಿರ್ಬಂಧಿಸುವ 1954ರ ಕಾಯಿದೆಯ ಅನುಸೂಚಿಯಲ್ಲಿ ಮಧುಮೇಹ, ರಕ್ತದೊತ್ತಡ, ಕ್ಯಾನ್ಸರ್ ಮೂರೂ ಸೇರಿವೆ. ಆ ಕಾಯಿದೆಯ ಅರ್ಥದಲ್ಲಿ ಲೇಬಲ್ಲೂ ಜಾಹೀರಾತೇ ಎಂಬುದನ್ನು ಅನೇಕರು ಮರೆಯುತ್ತಾರೆ. ಸಗಟು ವ್ಯಾಪಾರಿಯು ಚಿಲ್ಲರೆ ವ್ಯಾಪಾರಿಗೆ ಸರಕಿನ ಗುಣಮಟ್ಟದ ಬಗ್ಗೆ ಲಿಖಿತ ಖಾತರಿ ನೀಡಬೇಕೆಂದು 26ನೆಯ ಕಲಮು ವಿಧಿಸುತ್ತದೆ. ಬಿಲ್ ಅಥವಾ ಇನ್‌ವಾಯ್ಸನ್ನೇ ಆ ಖಾತರಿಯೆಂದು ಪರಿಗಣಿಸಲಾಗುತ್ತದೆ. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ಎಣ್ಣೆಯ ಬಾಟಲಿಗೆ ಆ ಖಾತರಿ ಇರುವುದಿಲ್ಲ. ತಪಾಸಣಾಧಿಕಾರಿ ಬಂದಾಗ ತೋರಿಸಲು ಅಂಗಡಿಯವನ ಬಳಿ ಬಾಟಲಿಯೊಂದೇ ಉಳಿದಿರುತ್ತದೆ.