ತಿಕ್ಕಿದರೆ ಹೋಗುವ ಕಪ್ಪಲ್ಲ

ಕಡೂರು, ಬೀರೂರು ಕಡೆ ಯಾರದಾದರೂ ಕಣತಲೆ, ಕೆನ್ನೆ, ಕತ್ತು ಬೂದುಗಪ್ಪಾಗತೊಡಗಿದರೆ ಸಾಕು, ಎದುರಾದವರೆಲ್ಲ ವೈದ್ಯರಾಗಿಬಿಡುತ್ತಾರೆ. ‘ಬಂಗು ಕಣಮ್ಮ, ನಿಂಬೆಹಣ್ಣು ಹಾಕಿ ಚೆನ್ನಾಗಿ ತಿಕ್ಕು.’ ಚರ್ಮ ಉರಿದು ಕೆಂಪಾದರೂ ಆ ನಂಬಿಕೆ ಅಲುಗುವುದಿಲ್ಲ.

ಎಲ್ಲ ಕಪ್ಪೂ ಬಂಗಲ್ಲ. ಲೈಕೆನ್ ಪ್ಲಾನಸ್ ಪಿಗ್ಮೆಂಟೋಸಸ್ ಎಂಬ ಕಾಯಿಲೆಯೊಂದಿದೆ. ದೆಹಲಿಯ ಏಮ್ಸ್‌ನ ಭೂತಾನಿ ಮತ್ತು ಸಂಗಡಿಗರು 1974ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಮೂಲಕಾರಣ ಇಂದಿಗೂ ಖಚಿತವಿಲ್ಲ. ಬಿಸಿಲು, ತಲೆಗೂದಲಿನ ಡೈ, ಸಾಸಿವೆ ಎಣ್ಣೆ, ನೆಲ್ಲಿಕಾಯಿ ಎಣ್ಣೆಗಳ ಮೇಲೆ ಅನುಮಾನವಿದೆ. ದೇಹದ ರಕ್ಷಣಾಕಣಗಳೇ ಮೇಲ್ಚರ್ಮದ ತಳಪದರವನ್ನು ಕೆಡಿಸುತ್ತವೆ, ಅಲ್ಲಿದ್ದ ಬಣ್ಣ ಕೆಳಗಿನ ಒಳಚರ್ಮಕ್ಕೆ ಉದುರುತ್ತದೆ, ಅಲ್ಲಿನ ಕಣಗಳು ಅದನ್ನು ನುಂಗಿ ಕೂತುಬಿಡುತ್ತವೆ. ಅಜ್ಜಿಯ ಮುಂಗೈ ಮೇಲಿನ ಹಚ್ಚೆಯೂ ಇರುವುದು ಅದೇ ಆಳದಲ್ಲಿ. ಹಚ್ಚೆಯನ್ನು ಕಡ್ಲೆಹಿಟ್ಟಿನಲ್ಲಿ ತೊಳೆಯಲು ಯಾರೂ ಹೊರಡುವುದಿಲ್ಲವಲ್ಲ! ತಿಕ್ಕಿದಷ್ಟೂ ಚರ್ಮ ಕೆರಳುತ್ತದೆ. ನಮ್ಮಂಥ ಕಂದು ಮೈಯಲ್ಲಿ ಕೆರಳಿದ ಚರ್ಮ ವಾಸಿಯಾಗುತ್ತ ಇನ್ನಷ್ಟು ಕಪ್ಪಾಗುತ್ತದೆ.

ತಿಕ್ಕಿ ಸೋತವರು ಮೆಡಿಕಲ್ ಶಾಪಿನ ಟ್ಯೂಬಿಗೆ ಇಳಿಯುತ್ತಾರೆ. ಬಿಳುಪು ತರುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಚೀಟಿಯಿಲ್ಲದೆ ಇಂಥವನ್ನು ಮಾರದಂತೆ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಮೊದಮೊದಲು ಮುಖ ಬೆಳ್ಳಗೆ ಕಂಡೀತು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮೊಡವೆ ಎದ್ದು, ಬಿಟ್ಟ ಕೂಡಲೇ ಉರಿ ಶುರು. ಹುಡುಗನ ಕಡೆಯವರು ಬರುವುದರೊಳಗೆ ಮಗಳು ಬೆಳ್ಳಗಾಗಬೇಕೆಂದು ಈ ಟ್ಯೂಬನ್ನು ಮನೆಯವರೇ ತಂದುಕೊಡುತ್ತಾರೆ. ನನಗೆ ಸಹಿಸಲಾಗದ್ದು ಇದು. ಫೋನಿಗೆ ಬಂದ ಯಾರದೋ ವಿಡಿಯೊ ನಂಬುವವರು, ವರ್ಷಗಟ್ಟಲೆ ಚರ್ಮ ನೋಡಿ ಪಳಗಿದ ವೈದ್ಯರು ‘ಸಮಯ ಹಿಡಿಯುತ್ತದೆ’ ಎಂದರೆ ನಂಬುವುದಿಲ್ಲ.

ಈ ಕಾಯಿಲೆ ಅಂಟುರೋಗವಲ್ಲ. ನಾಗದೋಷವೂ ಅಲ್ಲ. ‘ರಕ್ತ ಕೆಟ್ಟಿದೆ’ ಎಂದು ಕಷಾಯ ಕುಡಿಯುವುದರಿಂದ ಏನೂ ಆಗದು.

ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗಿ ಚರ್ಮವೈದ್ಯರಿಗೆ ತೋರಿಸಿ. ತಲೆಗೆ, ಮುಖಕ್ಕೆ ಹಚ್ಚುವುದನ್ನೆಲ್ಲ, ಡೈ ಪೊಟ್ಟಣವನ್ನೂ ಸೇರಿಸಿ, ಜೊತೆಗೆ ಒಯ್ಯಿರಿ. ಅವರು ಬೇಕೆನಿಸಿದರೆ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಬಿಸಿಲು ತಡೆಯುವ ಕ್ರೀಮು, ಟ್ಯಾಕ್ರೊಲಿಮಸ್ ಮುಲಾಮು, ಕೆಲವರಿಗೆ ಮಾತ್ರೆ ಕೊಡುತ್ತಾರೆ. ಹೊಸ ಮಚ್ಚೆ ಏಳುವುದು ನಿಂತರೆ ಔಷಧಿ ಹಿಡಿಯಿತೆಂದೇ ಲೆಕ್ಕ. ಹಳೆಯವು ತಿಳಿಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಕೆಲವರಲ್ಲಿ ಪೂರ್ತಿ ಹೋಗದೆಯೂ ಉಳಿಯುತ್ತವೆ.